ತಿದ್ದಿದವನ ಹೆಸರು

ಪರರ ತಪ್ಪು ಹುಡುಕುವುದು ಕನ್ನಡ ಮಾಸ್ತರರ ಕುಲಕಸುಬು. ಈ ಕಸುಬಿನಲ್ಲಿ ನನ್ನನ್ನು ಮೀರಿಸುವವನು ನಮ್ಮ ಬಳಗದಲ್ಲಿಯೇ ಇದ್ದಾನೆಂಬುದು ಕಳೆದ ದೀಪಾವಳಿಗೆ ತಿಳಿಯಿತು.

ಹಬ್ಬಕ್ಕೆಂದು ವಿಜಯಪುರದಿಂದ ತಿಕೋಟಾಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಬೆಂಗಳೂರಿನಿಂದ ಬಂದಿದ್ದ ಅಳಿಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ.

“ಹಬ್ಬದಾಗೂ ಏನೋ ಅದು?”

“ನಿಮ್ಮದಽ ಕೆಲಸ, ಮಾಮಾ. ಮಂದಿ ಬರದದ್ದು ತಿದ್ದಾಕತ್ತೀನಿ.”

ಅವನು ತಿದ್ದುತ್ತಿದ್ದುದು ಲಿನಕ್ಸಿನ ‘ಎನ್‌ವಿಮೆಮ್’ ಎಂಬ ಭಾಗಕ್ಕೆ ಸೇರಬೇಕಾದ ಒಂದು ಡ್ರೈವರ್. ಡ್ರೈವರ್ ಎಂದರೆ ಗಾಡಿ ಹೊಡೆಯುವವನಲ್ಲ. ಯಂತ್ರದ ಅಂಗವೊಂದರೊಡನೆ ಮಾತನಾಡುವ ಬರಹ. ಯಂತ್ರದ ನೆನಪಿನಲ್ಲಿ ಕರೆಂಟು ಹೋದೊಡನೆ ಅಳಿಯುವುದು ಒಂದು, ಹೋದರೂ ಉಳಿಯುವುದು ಇನ್ನೊಂದು. ಉಳಿಯುವ ನೆನಪಿನಲ್ಲಿ ಯಂತ್ರದ ಗುರುತಿನ ಸಂಖ್ಯೆಯಂಥವನ್ನು ಕಾರ್ಖಾನೆಯಲ್ಲಿಯೇ ಬರೆದಿಡುತ್ತಾರೆ. ಮೊದಲು ಅದನ್ನು ಓದಲು ಒಬ್ಬೊಬ್ಬರು ಒಂದೊಂದು ದಾರಿ ಹಾಕಿಕೊಂಡಿದ್ದರು; 2015ರಲ್ಲಿ, ಲಿನಕ್ಸಿನ 4.3ನೆಯ ಆವೃತ್ತಿಯಲ್ಲಿ, ಎಲ್ಲರಿಗೂ ಒಂದೇ ಚೌಕಟ್ಟು ಬಂತು.

ಅಂದು ಅಳಿಯನ ಕಣ್ಣಿಗೆ ಬಿದ್ದುದು ಬಿಟ್ಟುಹೋದ ಒಂದು ಸಾಲು. ಆ ಚಿಪ್‌ನ ನೆನಪು ಸಣ್ಣ ಫ್ಯೂಜುಗಳನ್ನು ಸುಟ್ಟು, ಒಮ್ಮೆ ಮಾತ್ರ ಬರೆಯುವಂಥದು. ಬರೆದವನು ಬರೆಯುವ ಬಾಗಿಲು ತೆರೆದಿಟ್ಟು, ‘ಓದಲು ಮಾತ್ರ’ ಎಂಬ ಗುರುತು ಹಾಕುವುದನ್ನು ಮರೆತಿದ್ದ.

“ಯಾರರ ಕೈತಪ್ಪಿ ಬರದರ ಮುಗೀತು, ಮಾಮಾ. ಸುಟ್ಟದ್ದು ಹೊಳ್ಳಿ ಬರೂದಿಲ್ಲ.”

“ಉಳಿದದ್ದು ಸರಿ ಐತೆಲ್ಲ, ಒಪ್ಪಿಬಿಡು.”

“ಒಪ್ಪಿದರ ‘ಪರಿಶೀಲಿಸಿದವರು’ ಅಂತ ನನ್ನ ಹೆಸರು ಬರ್ತದ. ಅದೂ ಅಳಿಯೂದಿಲ್ಲ.”

ನಾನು ಸುಮ್ಮನಾದೆ. ಹಲವು ವರ್ಷಗಳ ಹಿಂದೆ ಒಂದು ಸಂಕಲನದ ಕರಡು ತಿದ್ದಿದ್ದೆ. ಕೊನೆಯ ಹದಿನಾರು ಪುಟಗಳನ್ನು ಅವಸರದಲ್ಲಿ ಓದದೆಯೇ ಸಹಿ ಹಾಕಿದೆ. ‘ಅರಿವು’ ಇರಬೇಕಾದಲ್ಲಿ ‘ಹರಿವು’ ಅಚ್ಚಾಯಿತು. ಮುಂದಿನ ಪುಟದಲ್ಲಿ ಕೃತಜ್ಞತೆಯೊಡನೆ ನನ್ನ ಹೆಸರೂ ಅಚ್ಚಾಯಿತು. ತರಗತಿಯಲ್ಲಿ ಬಬಲೇಶ್ವರದ ಹುಡುಗಿಯೊಬ್ಬಳು ಎದ್ದುನಿಂತು ಅರ್ಥ ಕೇಳಿದಳು. ‘ಅಚ್ಚಿನ ತಪ್ಪು, ನನ್ನದೇ’ ಎನ್ನಲು ನಾಲಿಗೆ ಏಳಲಿಲ್ಲ. ಜ್ಞಾನವು ಹೊಳೆಯಂತೆ ಹರಿಯುತ್ತದೆಂದು ಹತ್ತು ನಿಮಿಷ ವಿವರಿಸಿದೆ. ಆಕೆ ಅಷ್ಟನ್ನೂ ಬರೆದುಕೊಂಡಳು.

ವಿಜಯಪುರಕ್ಕೆ ಮರಳಿದ ರಾತ್ರಿ ಆ ಪುಸ್ತಕ ತೆಗೆದು, ಕೆಂಪು ಶಾಯಿಯಲ್ಲಿ ಒಂದಕ್ಷರ ತಿದ್ದಿದೆ. ನನ್ನ ಪ್ರತಿಯೇನೋ ಸರಿಹೋಯಿತು. ಆ ಹುಡುಗಿ ಈಗ ತನ್ನೂರಿನಲ್ಲಿಯೇ ಕನ್ನಡ ಕಲಿಸುತ್ತಾಳೆ. ಬರುವ ರವಿವಾರ ಬಬಲೇಶ್ವರದ ಬಸ್ಸು ಹಿಡಿಯಬೇಕೆಂದಿದ್ದೇನೆ.