ಅಪ್ಪನಿಗೊಂದು ತಿಂಡಿ, ನಮಗೊಂದು ತಿಂಡಿಯೇ?

ಸಕ್ಕರೆ ಕಾಯಿಲೆ ಬಂದವರ ಮನೆಯಲ್ಲಿ ಸಲಹೆಗಳಿಗೆ ಬರವಿಲ್ಲ. ನಮ್ಮವರಿಗೆ ಎರಡನೇ ವಿಧದ ಮಧುಮೇಹ ಎಂದು ಗೊತ್ತಾದ ವಾರದಲ್ಲೇ ಪಕ್ಕದ ಮನೆಯವರು ಅಕ್ಕಿ ಮುಟ್ಟಲೇಬೇಡಿ ಎಂದರು. ಊರಿನಿಂದ ಬಂದ ನಾದಿನಿ ಬೆಳಗ್ಗೆ ರಾಗಿ ಗಂಜಿ ಕುಡಿದರೆ ಸಾಕು ಎಂದಳು. ಇವರೋ ಎಲ್ಲ ಕೇಳಿ ಬೇಸತ್ತು, 'ನನಗೊಂದು ಲೋಟ ಗಂಜಿ ಕೊಟ್ಟುಬಿಡು, ನೀವೆಲ್ಲ ದೋಸೆ ತಿನ್ನಿ' ಎಂದು ಪೇಪರ್ ಹಿಡಿದು ಹಜಾರದಲ್ಲಿ ಕೂತುಬಿಟ್ಟರು. ಇಪ್ಪತ್ತು ವರ್ಷ ಒಟ್ಟಿಗೆ ತಿಂಡಿ ತಿಂದ ಮನೆಯಲ್ಲಿ ಎರಡು ಪಂಕ್ತಿಯಾಯಿತು. ಕಾಯಿಲೆಗಿಂತ ಇದೇ ನನ್ನನ್ನು ಹೆಚ್ಚು ಕಾಡಿತು.

ನಮ್ಮದೊಂದೇ ಮನೆಯ ಕಥೆ ಇದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ.

ದಾರಿ ತೋರಿಸಿದವಳು ಪಿಯುಸಿ ಓದುತ್ತಿರುವ ಮಗಳು. 'ಅಮ್ಮ, ಅವರಿವರು ಹೇಳಿದ್ದು ಯಾಕೆ? ಅಳೆದೇ ನೋಡೋಣ' ಎಂದಳು. ಗ್ಲೂಕೋಮೀಟರ್ ಮನೆಯಲ್ಲಿತ್ತು. ತಿಂಡಿಗೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ ಅಪ್ಪನ ಬೆರಳು ಚುಚ್ಚಿ, ಹಳೆಯ ನೋಟ್ ಪುಸ್ತಕದಲ್ಲಿ ಬರೆದಿಟ್ಟಳು. ಎರಡು ಗಂಟೆಯ ಅಂಕಿ 180ರೊಳಗೆ ಇರಲಿ ಎಂದು ಡಾಕ್ಟರು ಹೇಳಿದ್ದರು.

ಚಟ್ನಿಯೊಂದಿಗೆ ನಾಲ್ಕು ಇಡ್ಲಿ ತಿಂದ ದಿನ 246 ಬಂತು. ಎರಡು ಇಡ್ಲಿ, ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಉಸಲಿ, ತರಕಾರಿ ಹೆಚ್ಚಿದ್ದ ಸಾಂಬಾರು ತಿಂದ ದಿನ 172. ಸಕ್ಕರೆ, ಬೆಲ್ಲ ಏನೂ ಹಾಕದ ರಾಗಿ ಗಂಜಿಗೆ 228! ನಾದಿನಿಗೆ ಫೋನಿನಲ್ಲಿ ಹೇಳಿದರೆ ಅವಳು ನಂಬಲೇ ಇಲ್ಲ.

ಡಾಕ್ಟರು ನೋಟ್ ಪುಸ್ತಕ ನೋಡಿ ನಕ್ಕು ವಿವರಿಸಿದರು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ರಾಗಿಯಲ್ಲೂ 70 ಗ್ರಾಂ ಹತ್ತಿರವಿದೆ. ನಾರು, ಸುಣ್ಣದಂಶ ರಾಗಿಯಲ್ಲಿ ಹೆಚ್ಚು, ಅದು ಅದರ ಗುಣ. ಆದರೆ ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ನೀರಾಗಿ ಕುಡಿದರೆ ಅದು ಬೇಗ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಅದೇ ಹಿಟ್ಟಿಗೆ ನುಗ್ಗೆಸೊಪ್ಪು, ಈರುಳ್ಳಿ ಹಾಕಿ ರೊಟ್ಟಿ ತಟ್ಟಿ, ಅಗಿದು ತಿಂದರೆ ನಿಧಾನವಾಗುತ್ತದೆ. ಸಾಲದ್ದಕ್ಕೆ, ನಸುಕಿನಲ್ಲಿ ದೇಹದ ಕೆಲವು ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುವುದರಿಂದ ಸಕ್ಕರೆ ಏರುವುದು ಬೆಳಗಿನ ಹೊತ್ತಿನಲ್ಲೇ ಹೆಚ್ಚು. ಹಾಗಾಗಿ ಏನು ತಿಂದೆವು ಎಂಬುದರ ಜೊತೆಗೆ ಎಷ್ಟು, ಯಾವುದರ ಸಂಗಡ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಯಾವ ತಿಂಡಿಗೂ ಬಹಿಷ್ಕಾರವಿಲ್ಲ, ಅಳತೆ ಮಾತ್ರ ಬದಲಾಗಿದೆ. ಉಪ್ಪಿಟ್ಟಿಗೆ ರವೆಯಷ್ಟೇ ಬೀನ್ಸ್, ಕ್ಯಾರೆಟ್, ನವಿಲುಕೋಸು. ಅಕ್ಕಿರೊಟ್ಟಿಗೆ ಸಬ್ಬಸಿಗೆ ಸೊಪ್ಪು, ಅವರೆಕಾಳು. ಒಗ್ಗರಣೆ ಅವಲಕ್ಕಿಯಾದರೆ ಚಿಕ್ಕ ಬಟ್ಟಲು, ಜೊತೆಗೆ ಕಡಲೆಕಾಳು ಉಸಲಿ. ವಾರಕ್ಕೆರಡು ದಿನ ಶುಂಠಿ ಹಾಕಿ ರುಬ್ಬಿದ ಹೆಸರುಕಾಳಿನ ದೋಸೆ. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ. ಹಣ್ಣಿನ ರಸದ ಬದಲು ಇಡೀ ಸೀಬೆಹಣ್ಣು. ಕಾಫಿಗೆ ಸಕ್ಕರೆಯಿಲ್ಲ, ಅದರ ಬದಲಿಗೆ ಬೆಲ್ಲವೂ ಇಲ್ಲ, ಜೇನೂ ಇಲ್ಲ, ಏಕೆಂದರೆ ಅವೂ ಸಕ್ಕರೆಯ ಬಳಗವೇ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದಿರಬಹುದು. ಮೂತ್ರಪಿಂಡದ ತೊಂದರೆ ಇದ್ದವರು ಕಾಳುಬೇಳೆ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ತಿಂಡಿಯನ್ನೇ ಬಿಟ್ಟರೆ ಸಕ್ಕರೆ ಇಳಿಯುತ್ತದೆ ಎಂಬ ಲೆಕ್ಕಾಚಾರವೂ ಅಪಾಯದ್ದೇ. ಒಂದು ಬೆಳಗ್ಗೆ ಇವರು ಮಾತ್ರೆ ನುಂಗಿ, ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಹೊರಟರು. ಗೇಟಿನ ಬಳಿ ಕೈ ನಡುಗಿತು, ಬೆವರು ಸುರಿಯಿತು. ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದುಬಿಡುತ್ತದೆ. ಮಗಳೇ ಓಡಿಹೋಗಿ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದಳು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ಮನೆಯಲ್ಲಿ ಮಧುಮೇಹಿಗಳಿದ್ದರೆ ಈ ವಿಷಯ ಮಕ್ಕಳಿಗೂ ತಿಳಿದಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಪ್ಪನಿಗೆ ಹಿತವಾದ ತಟ್ಟೆ ಮಗಳಿಗೂ ಹಿತವೇ. ಎರಡು ಬಿಸ್ಕತ್ತು ತಿಂದು ಕಾಲೇಜಿಗೆ ಓಡುವ ಹುಡುಗರಿಗೆ ಕಾಳು, ತರಕಾರಿ ಕೂಡಿದ ತಿಂಡಿ ಸಿಕ್ಕರೆ ಮಧ್ಯಾಹ್ನದವರೆಗೆ ಹಸಿವು ಕಾಡದು. ತಂದೆಗೋ ತಾಯಿಗೋ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಂಭವವೂ ಹೆಚ್ಚು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಪೂರ್ತಿ ನಿಜವಿರಲಾರದು, ಊಟ ಬಲ್ಲವರಿಗೂ ರೋಗ ಬರುತ್ತದೆ. ಆದರೆ ಬಂದ ರೋಗದೊಡನೆ ಬಾಳುವುದನ್ನು ಊಟವೇ ಕಲಿಸಬೇಕು. ಆ ಪಾಠವನ್ನು ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಕಲಿಯುವುದು ಒಳ್ಳೆಯದು.