ನೀರು ಕುಡಿಯದ ಟವಲು

ಚಳಿಗಾಲದ ಒಂದು ಬೆಳಗಿನ ಜಾವ. ಫಜ್ರ್‌ನ ಅಝಾನ್ ಮುಗಿದಿತ್ತು. ಅಂಗಳದಲ್ಲಿ ವುಝೂ ಮಾಡಿ ಬಂದ ಅಬ್ಬಾ, ಅಂದರೆ ನಮ್ಮ ಮಾವ, ಹಗ್ಗದ ಮೇಲಿದ್ದ ಟವಲನ್ನು ಎಳೆದು ಮುಖ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು. ಗಡ್ಡದಿಂದ ನೀರು ಇನ್ನೂ ತೊಟ್ಟಿಕ್ಕುತ್ತಲೇ ಇತ್ತು.

"ಇದೇನಮ್ಮಾ, ಈ ಟವಲು ನೀರೇ ಕುಡಿಯುತ್ತಿಲ್ಲ! ಇದಕ್ಕೆ ಎಣ್ಣೆ ಹಚ್ಚಿದ್ದೀರಾ?"

ನಮಗೆ ನಗು ಬಂತು. ಟವಲು ಹತ್ತಿಯ ಉಂಡೆಯಂತೆ ಮೆತ್ತಗಿತ್ತು, ಗುಲಾಬಿಯಂತೆ ಘಮಘಮಿಸುತ್ತಿತ್ತು. ಅಂಥ ಟವಲಿಗೂ ದೂರೇ? ಆದರೆ ಅಬ್ಬಾ ತಮಾಷೆಗೆ ಆಡಿದ ಮಾತು ನಿಜವೇ ಆಗಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು.

ನಾವೆಂದರೆ ಒಂದೇ ಮನೆಯ ಇಬ್ಬರು ಸೊಸೆಯಂದಿರು. ನಮ್ಮೂರು ಬೇಮಳಖೇಡ. ಬೀದರ್ ಜಿಲ್ಲೆಯ ಈ ಊರು ಮೊದಲು ಹುಮನಾಬಾದ್ ತಾಲೂಕಿನಲ್ಲಿತ್ತು, ಈಗ ಚಿಟಗುಪ್ಪ ತಾಲೂಕಿಗೆ ಸೇರಿದೆ. ತೆಲಂಗಾಣದ ಗಡಿ ಇಲ್ಲಿಗೆ ದೂರವಿಲ್ಲ. ಮನೆಯೊಳಗೆ ದಖ್ಖನಿ, ಓಣಿಯಲ್ಲಿ ಕನ್ನಡ, ಸಂತೆಗೆ ಹೋದರೆ ತೆಲುಗೂ ಕಿವಿಗೆ ಬೀಳುತ್ತದೆ. ನಮ್ಮ ಮನೆಯ ಬೋರಿನ ನೀರು ಮಾತ್ರ ಯಾವ ಭಾಷೆಯವರಿಗೂ ಬಗ್ಗುವುದಿಲ್ಲ. ಆ ನೀರಿನಲ್ಲಿ ತೊಗರಿಬೇಳೆ ಇಟ್ಟರೆ ಎಷ್ಟು ಕುದಿಸಿದರೂ ಕರಗುವುದಿಲ್ಲ. ಸಾಬೂನು ಉಜ್ಜಿದರೆ ನೊರೆ ಬರುವ ಬದಲು ಬೂದುಬಣ್ಣದ ಜಿಡ್ಡು ತೇಲುತ್ತದೆ. ಒಗೆದು ಒಣಗಿಸಿದ ಟವಲನ್ನು ಗೋಡೆಗೆ ಒರಗಿಸಿದರೆ ಹಪ್ಪಳದಂತೆ ಹಾಗೇ ನಿಲ್ಲುತ್ತದೆ.

ಹೀಗಿರುವಾಗ ಹೈದರಾಬಾದಿನಲ್ಲಿರುವ ನಾದಿನಿ ರಜೆಗೆ ಬಂದಳು. ಹೋಗುವಾಗ ಒಂದು ಬಾಟಲಿ ಬಿಟ್ಟು ಹೋದಳು. ಅಂಗಡಿಯಲ್ಲಿ ಅದನ್ನು ಫ್ಯಾಬ್ರಿಕ್ ಸಾಫ್ಟನರ್ ಅಥವಾ ಕಂಡೀಷನರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ 'ಸೆಂಟಿನ ನೀರು' ಎಂದೇ ಹೆಸರಾಯಿತು. ಕೊನೆಯ ಸಲ ಜಾಲಿಸುವ ನೀರಿಗೆ ಒಂದು ಮುಚ್ಚಳ ಹಾಕಿದರೆ ಸಾಕು. ಮೊದಲ ದಿನವೇ ನಾವು ಮರುಳಾದೆವು. ಮಕ್ಕಳ ಅಂಗಿ, ಅಮ್ಮಿಯ ದುಪಟ್ಟಾ, ಹಾಸಿಗೆಯ ಚಾದರ, ಒರೆಸುವ ಬಟ್ಟೆ, ಎಲ್ಲಕ್ಕೂ ಅದೇ. ಹಗ್ಗದ ಮೇಲೆ ಬಟ್ಟೆ ಹರವಿದರೆ ಓಣಿಯ ಹೆಂಗಸರು ನಿಂತು "ಏನ್ ಹಾಕ್ತೀರವ್ವಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿಸಿಕೊಳ್ಳುವುದೇ ಒಂದು ಖುಷಿ.

ಪಕ್ಕದ ಮನೆಯ ಲಿಂಗಾಯತರ ಅಜ್ಜಿಗೆ ಮಾತ್ರ ಅದು ಹಿಡಿಸಲಿಲ್ಲ. ಒಮ್ಮೆ ನಮ್ಮ ಚಾದರವನ್ನು ಮೂಸಿ ನೋಡಿ, "ಅರಬಿ ಮೆತ್ತಗಾದ್ರ ಏನ್ ಬಂತವ್ವಾ, ಹೊಲಸು ಹೋಗಬೇಕಲ್ಲ" ಎಂದುಬಿಟ್ಟರು. ಹಳೇ ಕಾಲದವರು ಎಂದು ನಾವು ಸುಮ್ಮನಾದೆವು.

ಅಬ್ಬಾರ ಟವಲಿನ ನಂತರ ನಮ್ಮ ಓದು ಶುರುವಾಯಿತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಸೋದರಳಿಯನನ್ನು ಕೂರಿಸಿಕೊಂಡು ಕೇಳಿದೆವು. ಅವನು ಹೇಳಿದ್ದು ಇಷ್ಟು: ಸಾಫ್ಟನರ್‌ನಲ್ಲಿರುವುದು ಕೊಬ್ಬಿನಿಂದ ತಯಾರಿಸಿದ ಒಂದು ವಸ್ತು. ಅದರ ಕಣದ ತಲೆಗೆ ಧನ ವಿದ್ಯುದಂಶವಿದೆ, ಬಾಲ ಉದ್ದನೆಯ ಕೊಬ್ಬಿನ ಸರಪಳಿ. ನೀರಿನಲ್ಲಿ ನೆನೆದ ಹತ್ತಿಯ ನೂಲಿಗೆ ಋಣ ಅಂಶವಿರುತ್ತದೆ. ತಲೆ ನೂಲಿಗೆ ಅಂಟುತ್ತದೆ, ಬಾಲ ಹೊರಗೆ ಚಾಚುತ್ತದೆ. ಹೀಗೆ ಪ್ರತಿ ನೂಲಿಗೂ ತೆಳುವಾದ ಕೊಬ್ಬಿನ ಪದರ. ನೂಲು ನೂಲಿಗೆ ತಾಗಿ ಜಾರುತ್ತದೆ, ಅದಕ್ಕೇ ಕೈಗೆ ಮೆತ್ತಗೆ. ಕೊಬ್ಬು ನೀರನ್ನು ಒಲ್ಲದು, ಅದಕ್ಕೇ ಟವಲು ನೀರು ಕುಡಿಯದು. ಒಂದೆರಡು ಸಲಕ್ಕೆ ಗೊತ್ತಾಗುವುದಿಲ್ಲ. ವಾರ ವಾರವೂ ಹಾಕುತ್ತಾ ಹೋದರೆ ಪದರದ ಮೇಲೆ ಪದರ ಕೂರುತ್ತದೆ.

ಅಂದರೆ ಸಾಫ್ಟನರ್ ಬಟ್ಟೆಯಿಂದ ಏನನ್ನೂ ತೆಗೆಯುವುದಿಲ್ಲ. ಬಟ್ಟೆಗೆ ಏನನ್ನೋ ಸೇರಿಸುತ್ತದೆ. ಒಗೆಯುವುದೆಂದರೆ ತೆಗೆಯುವುದು ಎಂದುಕೊಂಡಿದ್ದ ನಮಗೆ ಇದು ಹೊಸ ಮಾತು. ಸಾಬೂನಿನ ಪುಡಿಯ ಜೊತೆಗೇ ಅದನ್ನು ಸುರಿಯಬಾರದು ಎಂಬುದಕ್ಕೂ ಇದೇ ಕಾರಣ. ಪುಡಿಯಲ್ಲಿರುವುದು ಋಣ, ಇದರಲ್ಲಿರುವುದು ಧನ. ಎರಡೂ ಒಂದನ್ನೊಂದು ಹಿಡಿದುಕೊಂಡು ಎರಡೂ ಕೆಲಸ ಕೆಡಿಸುತ್ತವೆ.

"ಯಾವುದರ ಕೊಬ್ಬು?" ಎಂದು ಅಮ್ಮಿ ತಟ್ಟನೆ ಕೇಳಿದರು. ಗೋಡೆಯಾಚೆಯಿಂದ ಅಜ್ಜಿಯೂ ಅದನ್ನೇ ಕೇಳಿದರು! ಕೆಲವು ತಾಳೆ ಎಣ್ಣೆಯಿಂದ, ಕೆಲವು ಪ್ರಾಣಿಗಳ ಕೊಬ್ಬಿನಿಂದ ಆಗುತ್ತವೆ ಎಂದ ಹುಡುಗ. ನಮ್ಮ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಓದಿದೆವು. ಹೂವಿನ ಚಿತ್ರವಿತ್ತು, ಆ ವಿವರವಿರಲಿಲ್ಲ. ಎರಡು ಮನೆಯ ಇಬ್ಬರು ಹಿರಿಯರು, ಎರಡು ಬೇರೆ ಕಾರಣಕ್ಕೆ, ಒಂದೇ ಬಾಟಲಿಯನ್ನು ಅನುಮಾನದಿಂದ ನೋಡಿದ್ದು ಅದೇ ಮೊದಲು.

ನಮ್ಮಲ್ಲಿ ಕಿರಿಯವಳ ಮಗುವಿಗೆ ಆಗ ಐದು ತಿಂಗಳು. ಹಳೆಯ ಹತ್ತಿ ಸೀರೆ ಹರಿದು ಮಾಡಿದ ಲಂಗೋಟಿಗಳಿಗೂ ಸೆಂಟಿನ ನೀರೇ ಆಗಿತ್ತು. ಬಟ್ಟೆ ಹೀರದಿದ್ದ ಮೇಲೆ ಒದ್ದೆ ಎಲ್ಲಿ ಹೋಗಬೇಕು? ಮಗುವಿನ ಮೈಗೇ. ತೊಡೆಯ ಸಂದಿ ಕೆಂಪಾಗಿತ್ತು. ಇದೇ ಕಾರಣ ಎಂದು ಖಚಿತವಾಗಿ ಹೇಳಲಾಗದು ಎಂದ ಡಾಕ್ಟರು, ಎಳೆಯ ಚರ್ಮಕ್ಕೆ ಪರಿಮಳದ ವಸ್ತು ಯಾವುದೂ ಬೇಡ ಎಂದರು. ಪರಿಮಳ ಎಲ್ಲರ ಚರ್ಮಕ್ಕೂ ಆಗಿಬರುವುದಿಲ್ಲ. ಯುರೋಪಿನಲ್ಲಿ 2005ರಲ್ಲಿ ಜಾರಿಗೆ ಬಂದ ನಿಯಮವು ಅಲರ್ಜಿ ತರಬಲ್ಲ 26 ಪರಿಮಳ ದ್ರವ್ಯಗಳನ್ನು ಗುರುತಿಸಿತು. ಬಟ್ಟೆ ಒಗೆಯುವ ಸಾಮಗ್ರಿಯಲ್ಲಿ ಅವು ಮಿತಿ ಮೀರಿದ್ದರೆ ಹೆಸರು ಹಿಡಿದು ಮುದ್ರಿಸಬೇಕೆಂದಿತು. ನಮ್ಮ ಬಾಟಲಿಯಲ್ಲಿದ್ದುದು 'ಪರಿಮಳ' ಎಂಬ ಒಂದೇ ಪದ.

ಇಷ್ಟಾದರೂ ನಾವು ಪೂರ್ತಿ ಬಿಡಲಿಲ್ಲ. ಟವಲು, ಲಂಗೋಟಿಗೆ ನಿಲ್ಲಿಸಿದೆವು, ಉಳಿದದ್ದಕ್ಕೆ ಮುಂದುವರಿಸಿದೆವು. ಆಮೇಲೆ ಅಬ್ಬಾ ಉಮ್ರಾಕ್ಕೆ ಹೊರಟರು.

ಎಷ್ಟೋ ವರ್ಷ ಕೂಡಿಟ್ಟ ದುಡ್ಡು. ಹೈದರಾಬಾದಿನಿಂದ ವಿಮಾನ. ಇಹ್ರಾಮ್‌ಗೆಂದು ಟವಲಿನ ಬಟ್ಟೆಯ ಎರಡು ಬಿಳಿ ತುಂಡು ತಂದಿದ್ದರು. ಹೊಸ ಬಟ್ಟೆ ಒರಟು. ವಯಸ್ಸಾದ ಮೈ, ಬಿಸಿಲಿನ ನಾಡು, ಮೆತ್ತಗಿರಲಿ ಎಂದು ನಮ್ಮಲ್ಲೊಬ್ಬಳು ಜಾಲಿಸುವ ನೀರಿಗೆ ಒಂದು ಮುಚ್ಚಳ ಸುರಿದಳು. ಪ್ರೀತಿಯಿಂದಲೇ ಸುರಿದಳು. ಇನ್ನೊಬ್ಬಳು ನೋಡಿಯೂ ಏನೂ ಹೇಳಲಿಲ್ಲ. ಇಹ್ರಾಮ್ ತೊಟ್ಟವರು ಪರಿಮಳ ಹಚ್ಚುವಂತಿಲ್ಲ ಎಂಬುದು ನಮಗೆ ಗೊತ್ತಿಲ್ಲದ ವಿಷಯವೇ? ಅತ್ತರಿನ ಶೀಶೆಯನ್ನು ಅಬ್ಬಾರ ಚೀಲದಿಂದ ತೆಗೆದಿಟ್ಟವರು ನಾವೇ. ಆದರೆ ದಿನವೂ ಮೂಸಿ ಮೂಸಿ ನಮ್ಮ ಮೂಗಿಗೆ ಆ ವಾಸನೆ ವಾಸನೆಯೇ ಅಲ್ಲವಾಗಿತ್ತು. ಒಗೆದ ಬಟ್ಟೆ ಎಂದರೆ ಹೀಗೇ ಇರುತ್ತದೆ ಎಂದು ಮನಸ್ಸು ಒಪ್ಪಿಕೊಂಡುಬಿಟ್ಟಿತ್ತು.

ಮಡಚಿಡುವಾಗ ಅಮ್ಮಿಗೆ ಗೊತ್ತಾಯಿತು. ಅಬ್ಬಾ ಬಟ್ಟೆಯನ್ನು ಮುಖದ ಹತ್ತಿರ ತಂದು ಸುಮ್ಮನೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಮಸೀದಿಯ ಇಮಾಮರನ್ನು ಕೇಳಿ ಬಂದು, "ವಾಸನೆ ಹೋಗುವವರೆಗೆ ಒಗೆಯಿರಿ ಎಂದರು" ಎಂದಷ್ಟೇ ಹೇಳಿದರು. ಹೊಸದು ತರೋಣ ಎಂದರೆ, "ಇರುವುದನ್ನು ಬಿಸಾಡುವುದು ಇಸ್ರಾಫ್" ಎಂದರು. ಹೊರಡಲು ಎರಡು ದಿನ ಉಳಿದಿತ್ತು.

ಆ ಎರಡು ದಿನ ನಾವು ಒಗೆದಷ್ಟು ಜೀವಮಾನದಲ್ಲಿ ಒಗೆದಿಲ್ಲ. ಬಿಸಿ ನೀರು, ಒಗೆಯುವ ಸೋಡಾ, ಮತ್ತೆ ಬಿಸಿ ನೀರು. ಮೆಷಿನ್ನು ಸಾಲದೆಂದು ಕಲ್ಲಿಗೆ ಹಾಕಿದೆವು. ಒದ್ದೆಯಿದ್ದಾಗ ವಾಸನೆ ಹೋಯಿತು ಎನಿಸುತ್ತಿತ್ತು. ಒಣಗಿದ ಮೇಲೆ ತಿಕ್ಕಿದರೆ ಮತ್ತೆ ಗುಲಾಬಿ! ಇದರ ಗುಟ್ಟೂ ಆಮೇಲೆ ತಿಳಿಯಿತು. ಈಗಿನ ಅನೇಕ ಸಾಫ್ಟನರ್‌ಗಳಲ್ಲಿ ಪರಿಮಳವನ್ನು ಕಣ್ಣಿಗೆ ಕಾಣದ ಗುಳಿಗೆಗಳಲ್ಲಿ ತುಂಬಿರುತ್ತಾರೆ. ಅವು ನೂಲಿಗೆ ಅಂಟಿಕೊಂಡಿದ್ದು, ತಿಕ್ಕಿದಾಗ ಒಡೆದು ಘಮ ಬಿಡುತ್ತವೆ. ಆ ಗುಳಿಗೆಯ ಹೊದಿಕೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಜಾತಿಯದು. ಯುರೋಪಿಯನ್ ಒಕ್ಕೂಟವು 2023ರಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ಕಿನ ಮೇಲೆ ನಿರ್ಬಂಧ ತಂದಾಗ ಈ ಗುಳಿಗೆಗಳನ್ನೂ ಸೇರಿಸಿ, ಬದಲಿಸಿಕೊಳ್ಳಲು ಕಂಪನಿಗಳಿಗೆ 2029ರವರೆಗೆ ಅವಕಾಶ ಕೊಟ್ಟಿತು.

ಹೊರಡುವ ದಿನ ಬೆಳಿಗ್ಗೆ ಅಮ್ಮಿ ಬಟ್ಟೆಯನ್ನು ಕೈಯಲ್ಲಿ ಚೆನ್ನಾಗಿ ತಿಕ್ಕಿ, ಮೂಸಿ, "ಅಲ್‌ಹಮ್ದುಲಿಲ್ಲಾಹ್, ಏನೂ ಇಲ್ಲ" ಎಂದರು. ಬಟ್ಟೆ ಮತ್ತೆ ಒರಟಾಗಿತ್ತು. ಅಬ್ಬಾರ ಮುಖ ಮಾತ್ರ ಹಗುರಾಗಿತ್ತು.

ಆ ದಿನಗಳಲ್ಲೇ ಅಮ್ಮಿ ಹಳೆಯ ಕಾಲದ ಮಾತು ತೆಗೆದರು. ಅವರ ಹರೆಯದಲ್ಲಿ ಊರಿನ ಮಡಿವಾಳರು ಮನೆಮನೆಯ ಗಂಟು ಒಯ್ಯುತ್ತಿದ್ದರು. ಹಿಂದೂ ಮನೆಯದು, ಮುಸ್ಲಿಂ ಮನೆಯದು ಎಲ್ಲ ಒಂದೇ ಕತ್ತೆಯ ಬೆನ್ನ ಮೇಲೆ. ಬದಲಾಗದಿರಲೆಂದು ಮೂಲೆಯಲ್ಲಿ ಕೇರುಬೀಜದ ರಸದ ಕಪ್ಪು ಗುರುತು. ಸವಳು ಮಣ್ಣು, ಬೂದಿ, ಬಿಸಿಲು, ಇವೇ ಅವರ ಸಾಮಗ್ರಿ. ಅಬ್ಬಾರ ಜುಮಾದ ಕುರ್ತಾಕ್ಕೆ ಅಕ್ಕಿ ಗಂಜಿ ಹಾಕಿ ಖಡಕ್ ಮಾಡಿ ಕೊಟ್ಟರೆ ಒಂದು ಕಾಸು ಹೆಚ್ಚು. ಕೇಳಿ ಸೋಜಿಗವಾಯಿತು. ಅಂದು ಬಟ್ಟೆ ಬಿರುಸಾಗಲೆಂದು ದುಡ್ಡು ಕೊಟ್ಟರು, ಇಂದು ಮೆತ್ತಗಾಗಲೆಂದು ನಾವು ಕೊಡುತ್ತಿದ್ದೇವೆ. ಚೊಕ್ಕಟತನ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಬರಿಯ ಅಭ್ಯಾಸ!

ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಶರಣರ ಬಟ್ಟೆ ಒಗೆಯುವುದನ್ನೇ ಕಾಯಕ ಮಾಡಿಕೊಂಡ ಮಡಿವಾಳ ಮಾಚಿದೇವರಿದ್ದರು. ಪ್ರತಿ ಫೆಬ್ರವರಿ 1ರಂದು ಅವರ ಜಯಂತಿ ನಡೆಯುತ್ತದೆ. 'ಮಡಿ' ಎಂಬ ಪದವೇ ಆ ಕುಲದ ಹೆಸರಿನಲ್ಲಿದೆ. ನಮ್ಮ ಮನೆಯಲ್ಲಿ ಅದಕ್ಕೆ 'ಪಾಕ್' ಎನ್ನುತ್ತೇವೆ. ಮಡಿಗಾಗಲಿ ಪಾಕ್‌ಗಾಗಲಿ ಗುಲಾಬಿಯ ವಾಸನೆ ಬೇಕಿಲ್ಲ. ನೀರು ಬೇಕು, ಕೊಳೆ ಹೋಗಬೇಕು. ಅಜ್ಜಿ ಹೇಳಿದ್ದೂ ಅದನ್ನೇ.

ಹಾಗಾದರೆ ಸಾಫ್ಟನರ್‌ನಿಂದ ಲಾಭವೇ ಇಲ್ಲವೇ? ಇದೆ, ಸುಳ್ಳು ಹೇಳಬಾರದು. ಚಳಿಗಾಲದ ಒಣ ಹವೆಯಲ್ಲಿ ನಮ್ಮ ಪಾಲಿಯೆಸ್ಟರ್ ಬುರ್ಖಾಗಳು ಚಟಚಟ ಎಂದು ಕಾಲಿಗೆ ಸುತ್ತಿಕೊಳ್ಳುತ್ತವೆ. ಸಾಫ್ಟನರ್ ಹಾಕಿದರೆ ಆ ಕಾಟ ತಪ್ಪುತ್ತದೆ. ಸುಕ್ಕು ಕಡಿಮೆ, ಇಸ್ತ್ರಿ ಸಲೀಸು. ನೂಲಿನ ತಿಕ್ಕಾಟ ಕಡಿಮೆಯಾಗುವುದರಿಂದ ಉಣ್ಣೆಯ ಸ್ವೆಟರು ಬೇಗ ಗಂಟುಗಂಟಾಗುವುದಿಲ್ಲ. ಆದರೆ ಒರೆಸುವ, ಹೀರುವ ಕೆಲಸದ ಯಾವ ಬಟ್ಟೆಗೂ ಅದು ಸಲ್ಲದು. ಬೆವರು ಹೀರಲೆಂದೇ ಮಾಡಿದ ಆಟದ ಅಂಗಿಗೂ ಬೇಡ. ಒಲೆಯ ಮುಂದೆ ನಿಲ್ಲುವವರು ಇನ್ನೊಂದನ್ನು ನೆನಪಿಡಬೇಕು. ಜುಂಗುಳ್ಳ ದಪ್ಪ ಬಟ್ಟೆಗೆ ಸಾಫ್ಟನರ್ ಹಾಕಿದರೆ ಬೆಂಕಿ ಹತ್ತುವುದು ಸುಲಭವಾಗುತ್ತದೆ. ಬೆಂಕಿ ತಡೆಯುವಂತೆ ಮಾಡಿದ ಮಕ್ಕಳ ರಾತ್ರಿ ಉಡುಪಿಗೆ ಇದನ್ನು ಬಳಸಬೇಡಿ ಎಂದು ಅಮೆರಿಕದಲ್ಲಿ ಮಾರುವ ಬಾಟಲಿಗಳ ಮೇಲೆ ಬರೆದಿರುತ್ತದೆ.

ಬಟ್ಟೆ ಬಿರುಸಾಗುವುದು ಏಕೆ ಎಂಬುದನ್ನು ತಿಳಿದರೆ ಅರ್ಧ ಬಾಟಲಿ ಉಳಿಯುತ್ತದೆ. ಒಂದು, ನೀರಿನ ಗಡಸುತನ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಗಡಸು ನೀರಿನ ಸುಣ್ಣದ ಅಂಶ ಸಾಬೂನಿನೊಂದಿಗೆ ಸೇರಿ ಬಟ್ಟೆಯಲ್ಲೇ ಕೂರುತ್ತದೆ. ಎರಡು, ನಾವೇ ಉಳಿಸುವ ಸಾಬೂನು. ನೊರೆ ಬರುತ್ತಿಲ್ಲವೆಂದು ಪುಡಿ ಹೆಚ್ಚು ಹಾಕಿ, ನೀರಿಲ್ಲವೆಂದು ಕಡಿಮೆ ಜಾಲಿಸುತ್ತೇವೆ. ಮೂರನೆಯದು ನಮಗೆ ಹೊಸದು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯ ಮತ್ತು ಕಾವೊ ಕಂಪನಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದಂತೆ, ಒಣಗಿದಂತೆ ಕಾಣುವ ಹತ್ತಿಯ ನೂಲಿನ ಮೇಲೂ ತುಸು ನೀರು ಉಳಿದು, ಗೋಂದಿನಂತೆ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಆ ಅಂಟು ಬಿಡಿಸಲು ಕೈಯ ಬಲವೂ ಸಾಕು.

ಈಗ ನಮ್ಮ ಮನೆಯ ಪದ್ಧತಿ ಹೀಗಿದೆ. ಪುಡಿ ಅಳತೆಯಲ್ಲಿ, ಜಾಲಿಸುವುದು ಎರಡು ಸಲ. ಟವಲುಗಳಿಗೆ ಕೊನೆಯ ನೀರಿನಲ್ಲಿ ಅರ್ಧ ಬಟ್ಟಲು ಬಿಳಿ ಸಿರ್ಕಾ. ಅದು ಸುಣ್ಣದ ಅಂಶವನ್ನು ಕರಗಿಸುತ್ತದೆ, ಒಣಗಿದ ಮೇಲೆ ಅದರ ವಾಸನೆ ಉಳಿಯುವುದಿಲ್ಲ. ಆದರೆ ಬ್ಲೀಚಿಂಗ್ ಪುಡಿ ಅಥವಾ ದ್ರವದ ಜೊತೆ ಸಿರ್ಕಾ ಎಂದೂ ಸೇರಬಾರದು, ವಿಷದ ಗಾಳಿ ಏಳುತ್ತದೆ. ಹರವುವ ಮುನ್ನ ಒಮ್ಮೆ, ತೆಗೆದ ಮೇಲೆ ಒಮ್ಮೆ ಟವಲನ್ನು ಜೋರಾಗಿ ಝಾಡಿಸುತ್ತೇವೆ. ಮಳೆಗಾಲದಲ್ಲಿ ತಾರಸಿಯಿಂದ ಹಿಡಿದ ನೀರನ್ನು ಒಗೆತಕ್ಕೇ ಮೀಸಲಿಡುತ್ತೇವೆ. ಬಾಟಲಿ ಇನ್ನೂ ಇದೆ, ಬುರ್ಖಾಕ್ಕೆ, ಸ್ವೆಟರಿಗೆ ಮಾತ್ರ, ಅರ್ಧ ಮುಚ್ಚಳ. ಮೊದಲು ತಿಂಗಳಿಗೆ ಒಂದು ಖಾಲಿಯಾಗುತ್ತಿತ್ತು, ಈಗ ವರ್ಷಕ್ಕೆ ಒಂದು.

ಅಬ್ಬಾ ಉಮ್ರಾದಿಂದ ಬಂದ ಮೇಲೆ ಆ ಎರಡು ಬಿಳಿ ತುಂಡುಗಳನ್ನು ಅಮ್ಮಿಯ ಕೈಗೆ ಕೊಟ್ಟರು. ಅಲ್ಲಿ ಝಮ್‌ಝಮ್ ನೀರಿನಲ್ಲಿ ಅದ್ದಿ ಒಣಗಿಸಿ ತಂದಿದ್ದರು. ಕಫನ್‌ಗೆಂದು ಹಾಗೆ ತೆಗೆದಿಡುವವರು ನಮ್ಮಲ್ಲಿ ಅನೇಕರಿದ್ದಾರೆ. "ಇದನ್ನು ಇನ್ನು ಒಗೆಯಬೇಡಿ, ಏನನ್ನೂ ಹಾಕಬೇಡಿ" ಎಂದು ನಮ್ಮಿಬ್ಬರ ಕಡೆ ನೋಡಿ ನಕ್ಕರು. ಬಟ್ಟೆ ಟ್ರಂಕಿನಲ್ಲಿದೆ. ಅಲ್ಲಾಹನು ಅವರ ಆಯುಸ್ಸು ಹೆಚ್ಚಿಸಲಿ. ಮಳೆಗಾಲ ಮುಗಿದಾಗ ಟ್ರಂಕಿನ ಸಾಮಾನನ್ನೆಲ್ಲ ಬಿಸಿಲಿಗೆ ಹಾಕುವಾಗ ಅದನ್ನೂ ತೆಗೆದು ಹರವುತ್ತೇವೆ. ಕೈಗೆ ಒರಟಾಗಿಯೇ ಇದೆ. ಮೂಸಿದರೆ ಯಾವ ವಾಸನೆಯೂ ಇಲ್ಲ.