ಒಂದೇ ಬಣ್ಣದ ಎರಡು ಜಗ್

ಬೆಂಗಳೂರಿನ ಯಾವುದಾದರೂ ರೂಫ್‌ಟಾಪ್ ರೆಸ್ಟೋರೆಂಟಿಗೆ ಹೋಗಿ ನೋಡಿ, ಮೆನುವಿನ ಕೊನೆಯ ಪುಟದಲ್ಲಿ ಸಂಗ್ರಿಯಾ ಕೂತಿರುತ್ತೆ. ಕೆಂಪು ವೈನು, ಅದರಲ್ಲಿ ತೇಲುವ ಕಿತ್ತಳೆ, ಸೇಬಿನ ಹೋಳು, ಅರ್ಧ ಜಗ್ ಐಸು. ನನ್ನ ಕೇಳಿದರೆ ಅದು ಪಾನಕವೇ. ರಾಮನವಮಿಗೆ ನಾವು ಮಾಡ್ತೀವಲ್ಲ, ಅದರ ಸ್ಪೇನ್ ದೇಶದ ದೂರದ ನೆಂಟ. ಹೆಸರಿನ ಮೂಲ ‘ಸಾಂಗ್ರೆ’, ಅಂದರೆ ರಕ್ತ. ಬಣ್ಣ ನೋಡಿದರೆ ಯಾಕೆ ಅಂತ ಗೊತ್ತಾಗುತ್ತೆ. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ವಿಶ್ವಮೇಳದ ಸ್ಪೇನ್ ಮಳಿಗೆಯಿಂದ ಅಮೆರಿಕದವರಿಗೆ ಇದರ ರುಚಿ ಹತ್ತಿತು. 2014ರ ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಸ್ಪೇನ್ ಅಥವಾ ಪೋರ್ಚುಗಲ್‌ನಲ್ಲಿ ಮಾಡಿದ್ದನ್ನು ಮಾತ್ರ ಅಲ್ಲಿ ಬರೀ ‘ಸಂಗ್ರಿಯಾ’ ಅಂತ ಮಾರಬಹುದು. ಪುಣ್ಯಕ್ಕೆ ಆ ನಿಯಮ ಖಾನಾಪುರದ ನಮ್ಮ ಅಡುಗೆಮನೆಗೆ ಬರಲ್ಲ.

ಕಳೆದ ಮೇ ತಿಂಗಳಲ್ಲಿ ನನ್ನ ಆಫೀಸಿನ ನಾಲ್ಕು ಜನ ಗೋವಾಕ್ಕೆ ಹೋಗಿ, ವಾಪಸ್ ಬರುವಾಗ ಖಾನಾಪುರದ ನಮ್ಮ ಹಂಚಿನ ಮನೆಯಲ್ಲಿ ಒಂದು ರಾತ್ರಿ ಉಳಿಯುವುದು ಅಂತಾಯ್ತು. ಗೋವಾದ ಶ್ಯಾಕ್‌ಗಳಲ್ಲಿ ಸಂಗ್ರಿಯಾ ಕುಡಿದು ಹುಚ್ಚು ಹಿಡಿಸಿಕೊಂಡಿದ್ದರು. “ಬಾಟಲಿ ನಾವೇ ತರ್ತೀವಿ, ಅಲ್ಲಿ ಅಗ್ಗ” ಅಂತ ಫೋನು. ಬೇಡ ಮಾರಾಯ್ರೇ ಅಂದೆ. ಪರ್ಮಿಟ್ ಇಲ್ಲದೆ ಗಡಿ ದಾಟಿಸಿದರೆ ಅಬಕಾರಿ ಕೇಸು, ಚೋರ್ಲಾ ಘಾಟಿ ಹತ್ತಿ ಬಂದರೆ ಕಣಕುಂಬಿಯಲ್ಲೇ ಚೆಕ್‌ಪೋಸ್ಟ್ ಇದೆ. ವೈನು ಬೆಳಗಾವಿಯಲ್ಲೇ ಕೊಂಡೆ, ನಂದಿ ಬೆಟ್ಟದ ಕಡೆಯ ಕೆಂಪು ವೈನು.

ಕಷ್ಟ ಇದ್ದದ್ದು ವೈನಿನದಲ್ಲ. ಅದೇ ಸಂಜೆ ಟಿಳಕವಾಡಿಯಿಂದ ಅಕ್ಕ, ಅವಳ ಮಗಳು ಮತ್ತು ಮಾಮಾ ಬರುವವರಿದ್ದರು. ಅಕ್ಕನ ಗಂಡನಿಗೆ ನಮ್ಮ ಕಡೆ ಮಾಮಾ ಅಂತೀವಿ. ಮಾಮಾ ಕುಡಿಯೋದು ಬಿಟ್ಟು ಎರಡು ವರ್ಷ. ‘ಈ ತಿಂಗಳು ಬಿಟ್ಟೀನಿ’ ಅನ್ನೋ ಥರದ ಬಿಡುವುದಲ್ಲ. ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ, ಅಕ್ಕನ ಎರಡು ಬಳೆ, ಇಷ್ಟೆಲ್ಲ ದಾಟಿ ಬಿಟ್ಟದ್ದು.

ಅಕ್ಕನಿಗೆ ಮೊದಲೇ ಫೋನ್ ಮಾಡಿದೆ. “ಬ್ಯಾಡ ಅಂದ್ರ ಬಿಡ್ತೀನಿ, ಅವರಿಗೆ ಬೇರೆ ಏನರ ಮಾಡಿ ಹಾಕ್ತೀನಿ” ಅಂದೆ. ಮಾಮಾನೇ ಫೋನ್ ಇಸಗೊಂಡರು. “ಮಾಡವಾ ತಂಗಿ. ನನ್ನ ಸಲುವಾಗಿ ಮನಿ ಮಂದೆಲ್ಲಾ ಉಪವಾಸ ಇರೂದು ಬ್ಯಾಡ. ಆದ್ರ ಯಾವುದರಾಗ ಏನೈತಿ ಅಂತ ನನಗ ಮೊದಲ ಗೊತ್ತಿರಬೇಕು.”

ಆ ಮಾತು ಕೇಳಿದ ಮೇಲೆ ಪೆನ್ನು ಹಿಡಿದು ಕೂತೆ. ಸಂಗ್ರಿಯಾದ ತೊಂದರೆ ಏನಂದರೆ ಅದರಲ್ಲಿ ಎಷ್ಟಿದೆ ಅಂತ ನಾಲಿಗೆಗೆ ತಿಳಿಯುವುದೇ ಇಲ್ಲ. ಲೆಕ್ಕ ನೋಡಿ. ಶೇ. 13 ಆಲ್ಕೋಹಾಲ್ ಇರುವ 750 ಎಂಎಲ್ ವೈನ್. ಅದಕ್ಕೆ 200 ಎಂಎಲ್ ಕಿತ್ತಳೆ ರಸ, 300 ಎಂಎಲ್ ಸೋಡಾ. ಒಟ್ಟು 1,250 ಎಂಎಲ್, ಅದರಲ್ಲಿ ಆಲ್ಕೋಹಾಲು ಶೇ. 7.8. ಹತ್ತಿರ ಹತ್ತಿರ ನಮ್ಮ ಸ್ಟ್ರಾಂಗ್ ಬಿಯರಿನಷ್ಟು. 250 ಎಂಎಲ್‌ನ ಒಂದು ಗ್ಲಾಸಿನಲ್ಲಿ ವಿಸ್ಕಿಯ ಒಂದೂವರೆ ಸಣ್ಣ ಪೆಗ್‌ನಷ್ಟು ಆಲ್ಕೋಹಾಲು ಇರುತ್ತೆ. ಹಲವರು ಹಾಕುವ ಹಾಗೆ ಅದಕ್ಕೆ 60 ಎಂಎಲ್ ಬ್ರಾಂದಿಯನ್ನೂ ಸುರಿದರೆ ಒಂದು ಗ್ಲಾಸು ಎರಡು ಪೆಗ್‌ನ ಹತ್ತಿರ ಹೋಗುತ್ತೆ. ‘ಜ್ಯೂಸ್ ಇದ್ದಂಗಿದೆ’ ಅಂತ ಮೂರು ಗ್ಲಾಸು ಕುಡಿದವರು ಎಷ್ಟು ಕುಡಿದರು ಅಂತ ನೀವೇ ಗುಣಿಸಿ. ನಾನು ಬ್ರಾಂದಿ ಬಿಟ್ಟೆ.

ಇನ್ನೊಂದು ಜಗ್ಗಿಗೆ ಅವ್ವ ಇದ್ದಳು. ನೀವು ಮುರುಗಲು ಅನ್ನಿ, ಮಂಗಳೂರಿನವರು ಪುನರ್ಪುಳಿ ಅನ್ನಲಿ, ಅವ್ವನಿಗೆ ಅದು ಆಮಸೂಲ. ಏಪ್ರಿಲ್, ಮೇ ಬಂತಂದರೆ ಖಾನಾಪುರದ ಕಾಡಂಚಿನಿಂದ ಕವಳಿಹಣ್ಣು, ನೇರಳೆ, ಮುರುಗಲು ಎಲ್ಲ ಬುಟ್ಟಿ ತುಂಬಿ ಪೇಟೆಗೆ ಇಳಿಯುತ್ತವೆ. ಅವ್ವ ಮುರುಗಲನ್ನು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಬರಣಿಯಲ್ಲಿ ಪದರು ಪದರಾಗಿ ಇಟ್ಟು ಬಿಸಿಲಿಗಿಡುತ್ತಾಳೆ. ನಾಲ್ಕೈದು ದಿನದಲ್ಲಿ ಕಡುಗೆಂಪು ಪಾಕ ಬಿಡುತ್ತೆ. ಅದಕ್ಕೆ ನೀರು, ಸೋಡಾ, ಒಂದು ಚಕ್ಕೆ, ಕಿತ್ತಳೆ, ಸೇಬಿನ ಹೋಳು ಹಾಕಿದೆ. ಪಕ್ಕಪಕ್ಕ ಇಟ್ಟರೆ ಯಾವುದು ಸ್ಪೇನು, ಯಾವುದು ಖಾನಾಪುರ ಅಂತ ದೇವರಾಣೆ ಹೇಳಲಿಕ್ಕಾಗಲ್ಲ.

ವೈನಿನ ಬಗ್ಗೆ ಅವ್ವ ಹೇಳಿದ್ದು ಇಷ್ಟೇ: “ಕುಡಿಯವ್ರು ಕುಡೀರಿ. ದೇವರ ಮನಿ ಕಡೆ ತರಬ್ಯಾಡ್ರಿ.”

ಗೆಳತಿಯೊಬ್ಬಳು ಸಲಹೆ ಕೊಟ್ಟಳು: “ಎರಡನ್ನೂ ಒಂದೇ ಥರದ ಜಗ್ಗಿಗೆ ಹಾಕೋಣ ಕಣೇ, ಆಗ ಅವರಿಗೆ ತಾನು ಬೇರೆ ಅನ್ನಿಸಲ್ಲ.” ಮನಸ್ಸು ಒಳ್ಳೆಯದೇ. ಆದರೆ ಬಣ್ಣ ಒಂದೇ, ಹಣ್ಣು ಒಂದೇ, ಜಗ್ಗೂ ಒಂದೇ ಆದರೆ ಎರಡು ವರ್ಷದ ಕಷ್ಟ ಒಂದು ತಪ್ಪು ಗುಟುಕಿನ ದೂರದಲ್ಲಿರುತ್ತೆ. ಹಾಗಾಗಿ ನಾನು ಉಲ್ಟಾ ಮಾಡಿದೆ. ಗ್ಲಾಸುಗಳು ಎಲ್ಲರಿಗೂ ಒಂದೇ, ಜಗ್ಗುಗಳು ಮಾತ್ರ ಕತ್ತಲಲ್ಲೂ ಗೊತ್ತಾಗುವಷ್ಟು ಬೇರೆ. ವೈನು ಗಾಜಿನ ಜಗ್ಗಿಗೆ. ಆಮಸೂಲ ಮಣ್ಣಿನ ಹೂಜಿಗೆ.

ಹೂಜಿಗೆ ನಮ್ಮೂರಲ್ಲಿ ಬರವಿಲ್ಲ. ಖಾನಾಪುರದ ಮಣ್ಣು ಹಂಚಿಗೂ ಕುಂಬಾರಿಕೆಗೂ ಹೆಸರಾದದ್ದು, ಕುಂಬಾರಿಕೆ ಕಲಿಸುವ ಕೇಂದ್ರದ ಸಂಸ್ಥೆಯೇ ಇಲ್ಲಿದೆ. ಸಾದಾ ಸುಟ್ಟ ಮಣ್ಣಿನ ಹೂಜಿ ಬೆವರುತ್ತೆ, ಬೆವರಿ ಒಳಗಿನದ್ದನ್ನು ತಣ್ಣಗಿಡುತ್ತೆ. ವೈನು ಹಾಕಿದರೆ ಮಾತ್ರ ಅದರ ವಾಸನೆಯನ್ನು ಹೀರಿ ಇಟ್ಟುಕೊಂಡುಬಿಡುತ್ತೆ. ಆ ಹೂಜಿ ಮುಂದೆ ಮಾಮಾನ ಕೈಗೆ ಹೋಗಬಾರದಲ್ಲ? ಬಣ್ಣಬಣ್ಣದ ಹೊಳಪಿನ ಪಾತ್ರೆ ತರುವವರಿಗೂ ಒಂದು ಮಾತು. ಕೆಲವು ಹೊಳಪಿನ ಲೇಪದಲ್ಲಿ ಸೀಸ ಇರುತ್ತೆ, ಹುಳಿ ಅದನ್ನು ಕರಗಿಸುತ್ತೆ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಅಂತ ನಮ್ಮ ಅಜ್ಜಿಯಂದಿರು ಬೈತಿದ್ದರಲ್ಲ, ಅದೇ ಕಥೆ. ಊಟ, ಪಾನೀಯಕ್ಕೆ ಅಂತಲೇ ಮಾಡಿದ್ದನ್ನು ಕೇಳಿ ಕೊಳ್ಳಿ.

ಇನ್ನೊಂದು ಸಣ್ಣ ಏರ್ಪಾಡು ಮಾಡಿದೆ. ಹೂಜಿ ಪಡಸಾಲೆಯ ನಡುವೆ, ಎಲ್ಲರ ಕೈಗೆ ಸಿಗುವ ಹಾಗೆ. ಗಾಜಿನ ಜಗ್ ಒಳಗೆ ಅಡುಗೆಮನೆಯ ಕಟ್ಟೆ ಮೇಲೆ. ವೈನು ಬೇಕಾದವರು ಎದ್ದು ಹೋಗಿ ಹಾಕಿಕೊಳ್ಳಬೇಕು. ನಮ್ಮ ಪಾರ್ಟಿಗಳಲ್ಲಿ ಸಾಮಾನ್ಯವಾಗಿ ಉಲ್ಟಾ ತಾನೇ? ಕುಡಿಯದವರು ಎದ್ದು ಹೋಗಿ ‘ಕೋಕ್ ಏನಾದ್ರೂ ಇದೆಯಾ’ ಅಂತ ಫ್ರಿಜ್ ತೆಗೀತಾರೆ. ಎಲ್ಲರೂ ತಿರುಗಿ ನೋಡ್ತಾರೆ. ಯಾರೋ ಒಬ್ಬ ‘ಯಾಕ್ ಗುರೂ’ ಅಂತಾನೆ.

ಮಾಮಾ ಬಂದವರೇ, “ಏನೈತಿ?” ಅಂದರು. ಹೂಜಿಯಲ್ಲಿ ಏನೇನಿದೆ, ಒಳಗಿನ ಜಗ್ಗಿನಲ್ಲಿ ಏನೇನಿದೆ, ಎಲ್ಲ ಹೇಳಿದೆ. ತಲೆ ಆಡಿಸಿ ಹೂಜಿ ಬಗ್ಗಿಸಿಕೊಂಡು ಜಗಲಿಗೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ನಾನೂ ಹೋಗಿ ಪಕ್ಕ ಕೂತೆ. “ಬ್ಯಾಡ ಅನ್ನೂದು ಈಗ ಅಷ್ಟು ತ್ರಾಸಿಲ್ಲ ತಂಗಿ,” ಅಂದರು. “ಯಾಕ್ ಬ್ಯಾಡ ಅಂತ ಹತ್ತು ಮಂದಿಗೆ ಹೇಳೂದೈತಲ್ಲ, ಅದರಾಗ ಸಾಕಾಗ್ತೈತಿ. ಲಗ್ನಕ್ಕ ಹೋಗೂದ ಬಿಟ್ಟೀನಿ ನೋಡು.”

ಅವತ್ತು ಮಾಮಾನನ್ನು ಯಾರೂ ಏನೂ ಕೇಳಲಿಲ್ಲ. ಕೇಳಲು ಕಾರಣವೇ ಇರಲಿಲ್ಲ. ಎಲ್ಲರ ಕೈಯಲ್ಲೂ ಅದೇ ಕೆಂಪು ಗ್ಲಾಸು. ಡ್ರೈವ್ ಮಾಡಿ ಸುಸ್ತಾಗಿದ್ದ ಇಬ್ಬರು ಒಳಗಿನ ಜಗ್ಗಿನ ಹತ್ತಿರವೂ ಹೋಗಲಿಲ್ಲ, ಹೂಜಿಯಲ್ಲೇ ಖುಷಿಯಾಗಿದ್ದರು.

ಒಂದೇ ಒಂದು ಗಳಿಗೆ ಎದೆ ಝಲ್ಲೆಂದಿತು. ಸಂಗ್ರಿಯಾದಲ್ಲಿ ನೆನೆದ ಹಣ್ಣು ವೈನನ್ನು ಚೆನ್ನಾಗಿ ಹೀರಿರುತ್ತೆ. ಗೆಳೆಯನೊಬ್ಬ ಅದು ತೋಚದೆ, ಪ್ರೀತಿಯಿಂದಲೇ, ತನ್ನ ಗ್ಲಾಸಿನ ಸೇಬಿನ ಹೋಳನ್ನು ಚಮಚದಲ್ಲಿ ಎತ್ತಿ ಅಕ್ಕನ ಮಗಳ ಬಾಯಿಯ ಹತ್ತಿರ ಹಿಡಿದಿದ್ದ. ನಾನು ಬಾಯಿ ತೆರೆಯುವ ಮೊದಲೇ ಮಾಮಾ ಕೈ ಅಡ್ಡ ಹಿಡಿದಾಗಿತ್ತು. ಸಿಟ್ಟಿಲ್ಲ, ಗದ್ದಲವಿಲ್ಲ. ಮಗಳ ಕಡೆ ಬಾಗಿ, “ಅದು ಅವರದು, ಕೂಸ. ನಮ್ಮದು ಈ ಹೂಜ್ಯಾಗ ಐತಿ,” ಅಂದರು.

ಇಬ್ಬರೂ ಒಂದೇ ಗ್ಲಾಸಿಗೆ ಹೂಜಿ ಬಗ್ಗಿಸಿಕೊಂಡು ಹಣ್ಣು ಆರಿಸಿ ತಿನ್ನತೊಡಗಿದರು. ಅಕ್ಕ ಅದನ್ನು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ, ಉಳಿದ ಪಾಕವನ್ನೆಲ್ಲ ಟಿಳಕವಾಡಿಗೆ ಒಯ್ಯಲು ಬಾಟಲಿಗೆ ತುಂಬಿಸಿಕೊಂಡಳು.